ಸ್ಪ್ಯಾನಿಷ್‌ನಲ್ಲಿ ವಸ್ತುಗಳ ಗುಣ ಹೇಳುವ ಪದಗಳನ್ನು ಕಲಿಯೋದು ಹೇಗೆ?

ಗುಣವಾಚಕಗಳ ಉದ್ದ ಪಟ್ಟಿ ಬಾಯಿಪಾಠ ಮಾಡಿದ್ದೀನಿ, ಆದರೆ ವಾಕ್ಯ ಮಾಡಲು ಹೋದರೆ ತಡವರಿಸುತ್ತೇನೆ ಅಂತ ಬರೆದಿದ್ದೀರಿ. ಪಟ್ಟಿ ಪಕ್ಕಕ್ಕಿಡಿ. ಪ್ರತಿ ಪದವನ್ನೂ ಅದರ ಕ್ರಿಯಾಪದದ ಜೊತೆಗೇ ಕಲಿಯಿರಿ. ನಮ್ಮ 'ಇರು'ಗೆ ಸ್ಪ್ಯಾನಿಷ್‌ನಲ್ಲಿ ಸೆರ್, ಎಸ್ತಾರ್ ಅಂತ ಎರಡು ಕ್ರಿಯಾಪದಗಳಿವೆ ('ಎಸ್', 'ಸೊಯ್' ಸೆರ್‌ನ ರೂಪಗಳು, 'ಎಸ್ತಾ', 'ಎಸ್ತೊಯ್' ಎಸ್ತಾರ್‌ನವು). ಸೆರ್ ಬರುತ್ತದಾ, ಎಸ್ತಾರ್ ಬರುತ್ತದಾ ಅನ್ನುವುದರ ಮೇಲೆ ಕೆಲವು ಪದಗಳ ಅರ್ಥವೇ ಬೇರೆಯಾಗುತ್ತದೆ.

ವೆರ್ದೆ ಅಂದರೆ ಹಸಿರು. 'ಲಾ ಮನ್ಸಾನ ಎಸ್ ವೆರ್ದೆ' ಅಂದರೆ ಸೇಬಿನ ಬಣ್ಣ ಹಸಿರು. 'ಎಸ್ತಾ ವೆರ್ದೆ' ಅಂದರೆ ಇನ್ನೂ ಕಾಯಿ, ಹಣ್ಣಾಗಿಲ್ಲ. ಲಿಸ್ತೊ ಸೆರ್ ಜೊತೆ ಬಂದರೆ ಜಾಣ, ಎಸ್ತಾರ್ ಜೊತೆ ಬಂದರೆ ರೆಡಿ. ಮನುಷ್ಯ 'ಎಸ್ ರಿಕೊ' ಅಂದರೆ ಸಾಹುಕಾರ, ಸೂಪು 'ಎಸ್ತಾ ರಿಕ' ಅಂದರೆ ರುಚಿಯಾಗಿದೆ. ಬೇಜಾರಾದಾಗ 'ಎಸ್ತೊಯ್ ಅಬುರ್ರಿದೊ' ಅನ್ನಿ. 'ಸೊಯ್ ಅಬುರ್ರಿದೊ' ಅಂದರೆ ನೀವೇ ಬೋರ್ ಹೊಡೆಸುವ ಆಸಾಮಿ!

ಸೆರ್ ಶಾಶ್ವತ, ಎಸ್ತಾರ್ ತಾತ್ಕಾಲಿಕ ಅಂತ ಒಂದು ಸೂತ್ರ ಹೇಳಿಕೊಡುತ್ತಾರೆ. ನನಗಂತೂ ಅದು ಹಿಡಿಸುವುದಿಲ್ಲ. ಸತ್ತವನಿಗೆ 'ಎಸ್ತಾ ಮುಯೆರ್ತೊ' ಅನ್ನುತ್ತಾರೆ. ಸಾವು ತಾತ್ಕಾಲಿಕವಾ? ಎಂಥದ್ದು ಅನ್ನುವ ಪ್ರಶ್ನೆಗೆ ಸೆರ್, ಈಗ ಯಾವ ಸ್ಥಿತಿಯಲ್ಲಿದೆ ಅನ್ನುವುದಕ್ಕೆ ಎಸ್ತಾರ್ ಅಂತ ಇಟ್ಟುಕೊಳ್ಳಿ. 'ಅವನು ಒಳ್ಳೆಯವನು', 'ಅವನು ಆರಾಮಾಗಿದ್ದಾನೆ' ಅನ್ನುವಾಗ ನಾವೂ ಹೀಗೇ ಮಾಡುತ್ತೇವೆ, ಅಲ್ವಾ? ಮೊದಲನೆಯದರಲ್ಲಿ 'ಇರು' ಬರುವುದೇ ಇಲ್ಲ. ಆದರೆ ಇದನ್ನು ಜಾಸ್ತಿ ನಂಬಬೇಡಿ. 'ಮನೆ ದೊಡ್ಡದಾಗಿದೆ' ಅಂತ ನಾವು ಅಂದರೂ ಅವರಿಗೆ ಅದು 'ಲಾ ಕಾಸ ಎಸ್ ಗ್ರಾಂದೆ'.

ಯಾವುದರಿಂದ ಮಾಡಿದ್ದು ಅನ್ನುವುದಕ್ಕೆ ಸೆರ್ ಜೊತೆ 'ದೆ' ಸಾಕು. ಮೇಜು ಮರದ್ದು, 'ಲಾ ಮೆಸ ಎಸ್ ದೆ ಮದೇರ'.

ಲಿಂಗದ್ದು ಬರೀ ಅಭ್ಯಾಸದ ಮಾತು. ಬಿಳಿ ಅನ್ನಲು, ಪುಲ್ಲಿಂಗವಾದ ಪುಸ್ತಕ ಬ್ಲಾಂಕೊ, ಸ್ತ್ರೀಲಿಂಗವಾದ ಮನೆ ಬ್ಲಾಂಕ. ವೆರ್ದೆ, ಗ್ರಾಂದೆ ಲಿಂಗಕ್ಕೆ ಬದಲಾಗುವುದಿಲ್ಲ. ಗುಣವಾಚಕ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ. ಮುಂದೆ ತಂದರೆ ಕೆಲವು ಸಲ ಅರ್ಥ ಜಾರುತ್ತದೆ. 'ಓಂಬ್ರೆ ಪೊಬ್ರೆ' ದುಡ್ಡಿಲ್ಲದವನು, 'ಪೊಬ್ರೆ ಓಂಬ್ರೆ' ಅಂದರೆ ಅಯ್ಯೋ ಪಾಪ ಅನ್ನಿಸುವವನು.

ಹೊಸ ಪದ ಸಿಕ್ಕಾಗ ಸೆರ್‌ಗೆ ಒಂದು, ಎಸ್ತಾರ್‌ಗೆ ಒಂದು ವಾಕ್ಯ ಬರೆದು ನೋಡಿ. ಎರಡೂ ಎಲ್ಲ ಪದಕ್ಕೂ ಒಗ್ಗುವುದಿಲ್ಲ. ಬುದ್ಧಿವಂತ ಅನ್ನುವ 'ಇಂತೆಲಿಹೆಂತೆ' ಸಾಮಾನ್ಯವಾಗಿ ಸೆರ್ ಕಡೆ, ಖುಷಿಯಾಗಿರುವ 'ಕೊಂತೆಂತೊ' ಎಸ್ತಾರ್ ಕಡೆ. ಅದನ್ನೂ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.