ಮೊಬೈಲಿಗೆ ನನ್ನ ಬೇಸರ ತಿಳಿಯುತ್ತಾ?

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ರಾತ್ರಿ ಮೊಬೈಲಿನ ಎಐ ಜೊತೆ ಮನಸ್ಸಿನ ಮಾತು ಆಡುತ್ತೇನೆ. ‘ನಿಮ್ಮ ನೋವು ಅರ್ಥವಾಗುತ್ತದೆ’ ಅನ್ನುತ್ತದೆ. ನಿಜವಾಗಿ ಅರ್ಥ ಆಗುತ್ತಾ ಸರ್?

ಉತ್ತರ: ಇಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ನಿಮಗೆ ಹಾಗೆ ಅನಿಸಿದ್ದರಲ್ಲಿ ವಿಚಿತ್ರವೇನಿಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ತಾವು ಕಟ್ಟಿದ ‘ಎಲಿಜಾ’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆ ಬರೆದರು. ಅದು ನಮ್ಮ ಮಾತನ್ನೇ ತಿರುಗಿಸಿ ಕೇಳುತ್ತಿತ್ತು. ಅಪ್ಪನ ಸುದ್ದಿ ತೆಗೆದರೆ ‘ಮನೆಯವರ ಬಗ್ಗೆ ಇನ್ನಷ್ಟು ಹೇಳಿ’ ಅನ್ನುತ್ತಿತ್ತು, ಅಷ್ಟೇ. ಅವರು ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ನೋಡಿದ್ದ ಕಾರ್ಯದರ್ಶಿಯೇ, ಅದರ ಜೊತೆ ನಾಲ್ಕು ಮಾತಾದ ಮೇಲೆ ‘ನೀವು ಸ್ವಲ್ಪ ಹೊರಗೆ ಹೋಗಿ’ ಅಂದರಂತೆ!

ಧಾರವಾಡದಲ್ಲಿ ಮನಃಶಾಸ್ತ್ರ ಕಲಿಸುವಾಗ ಇದನ್ನು ಹೇಳಿದರೆ ಹುಡುಗರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನಮ್ಮವ್ವ ಹೊಲಿಗೆ ಮಷಿನ್‌ಗೆ ‘ಇವತ್ಯಾಕ ಸಿಟ್ಟಾಗೀಯವ್ವಾ?’ ಅಂತ ಕೇಳುತ್ತಿದ್ದಳು. ಮಷಿನ್ ಉತ್ತರ ಕೊಡುತ್ತಿರಲಿಲ್ಲ. ನಿಮ್ಮದು ಕೊಡುತ್ತದೆ, ಅದೂ ಕನ್ನಡದಲ್ಲಿ!

ಇಂದಿನ ಎಐ ಎಲಿಜಾಗಿಂತ ಬಹಳ ಜಾಣ. ರಾಶಿಗಟ್ಟಲೆ ಬರಹದಿಂದ ಕಲಿತು, ಮುಂದಿನ ಪದ ಯಾವುದಿರಬಹುದು ಅಂತ ಅಂದಾಜು ಹಾಕುತ್ತದೆ. ನಿಮ್ಮ ಮಾಲೀಕರು ಕಾಯಿ ಮುಟ್ಟಿ, ಮೂಸಿ ದರ ಹೇಳುತ್ತಾರೆ ಅಲ್ವಾ? ಇದು ಕಾಯಿ ಕಾಣದೆ, ಬರೀ ಹಳೇ ದರದ ಚೀಟಿಗಳನ್ನು ಓದಿ ದರ ಹೇಳಿದ ಹಾಗೆ. ಎಷ್ಟೋ ಸಲ ಸರಿಯಾಗೇ ಹೇಳುತ್ತದೆ ಅನ್ನಿ.

ಬರೆದರೆ ಹಗುರಾಗುತ್ತದೆಯೇ? ಬರೆಯಿರಿ. ನಿದ್ದೆಯೇ ಹತ್ತುತ್ತಿಲ್ಲ ಅಂದರೆ ಮಾತ್ರ ಸುಮ್ನೆ ಕೂರಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಮ್ಮೆ ಬಂದು ಹೋಗಿ.