ಹಲ್ಲಿನ ಡಾಕ್ಟರ್ ಆಗುತ್ತೇನೆ ಎಂದ ಮಗಳು

ತಿಪಟೂರು ಕಡೆಯ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಅವರ ಮಗಳು ನೀಟ್ ಬರೆದಳು. ಎಂಬಿಬಿಎಸ್‌ಗೆ ರ‍್ಯಾಂಕ್ ಸಾಲಲಿಲ್ಲ, ಕೌನ್ಸೆಲಿಂಗ್‌ನಲ್ಲಿ ಬಿಡಿಎಸ್ ಸೀಟು ಬಂದಿದೆ. ಹುಡುಗಿ ಸೇರುತ್ತೇನೆ ಅನ್ನುತ್ತಾಳೆ. ಇನ್ನೊಂದು ವರ್ಷ ಓದಿ ಮತ್ತೆ ನೀಟ್ ಬರೆಯಲಿ ಅನ್ನುತ್ತಾರೆ ನೆಂಟರು. "ಹಲ್ಲು ಕೀಳೋಕೆ ಐದು ವರ್ಷ ಓದಬೇಕಾ? ಅವರೂ ಡಾಕ್ಟರಾ?" ಅಂತ ಭಾವಮೈದುನ ಊಟಕ್ಕೆ ಕೂತಾಗ ಕೇಳಿದರಂತೆ, ಮಗಳು ಎಲೆ ಬಿಟ್ಟು ಎದ್ದು ಹೋದಳಂತೆ. ಇದು ನಿಜಕ್ಕೂ ಡಾಕ್ಟರ್ ಓದೇ, ಮುಂದೆ ಯಾವ ದಾರಿಗಳಿವೆ, ಹೊಟ್ಟೆಪಾಡು ನಡೆಯುತ್ತಾ? ಇಷ್ಟು ಅವರ ಪ್ರಶ್ನೆ.

ನಮಸ್ಕಾರ.

ನಿಮ್ಮ ಭಾವಮೈದುನ ಕೇಳಿದ್ದರಿಂದಲೇ ಶುರು ಮಾಡುತ್ತೇನೆ. ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಅದೇ ಮಾತಿತ್ತು. ನನಗೆ ಹತ್ತು ವರ್ಷ ಇದ್ದಾಗ ಎಡಗಡೆ ಕೆಳದವಡೆಯ ಹಲ್ಲು ಹುಳುಕಾಗಿ ಮೂರು ರಾತ್ರಿ ನಿದ್ದೆ ಇರಲಿಲ್ಲ. ಪೇಟೆಯಲ್ಲಿ ಯಾವ ಕಾಲೇಜಿನಲ್ಲೂ ಓದದೆ ಹಲ್ಲು ಕೀಳುವವರೊಬ್ಬರಿದ್ದರು. "ಹಾಲು ಹಲ್ಲು, ಇದು ಹೋದರೆ ಇನ್ನೊಂದು ಬರುತ್ತೆ" ಅಂದರು, ಕಿತ್ತರು. ಇನ್ನೊಂದು ಬರಲೇ ಇಲ್ಲ.

ಯಾಕೆಂದರೆ ಅದು ಹಾಲು ಹಲ್ಲಲ್ಲ. ಮಕ್ಕಳಿಗೆ ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಸಾಲಿನ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ, ಹಾಗಾಗಿ ಮನೆಯವರ ಗಮನಕ್ಕೇ ಬರುವುದಿಲ್ಲ. ಅದು ಮುಪ್ಪಿನ ತನಕ ಇರಬೇಕಾದ ಹಲ್ಲು. ಅದು ಹೋದರೆ ಹಿಂದಿನ ಹಲ್ಲು ಮುಂದಕ್ಕೆ ವಾಲುತ್ತದೆ, ಮೇಲಿನ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತದೆ, ಅಗಿಯುವ ಕೆಲಸವೆಲ್ಲ ಇನ್ನೊಂದು ಕಡೆಗೆ ಬೀಳುತ್ತದೆ. ನನಗೆ ಇದೆಲ್ಲ ಗೊತ್ತಾಗಿದ್ದು 38ನೇ ವಯಸ್ಸಿನಲ್ಲಿ, ಒಬ್ಬ ದಂತವೈದ್ಯೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದಾಗ. ಸರಿಮಾಡಲು ಅವರಿಗೆ ಒಂದೂವರೆ ವರ್ಷ ಹಿಡಿಯಿತು. ಕಿತ್ತಿದ್ದು ಎರಡು ನಿಮಿಷದಲ್ಲಿ. ಐದು ವರ್ಷ ಯಾಕೆ ಓದಬೇಕು ಅಂದರೆ, ಯಾವುದನ್ನು ಕೀಳಬಾರದು ಅಂತ ತಿಳಿಯೋದಕ್ಕೆ.

ಇನ್ನು "ಅವರೂ ಡಾಕ್ಟರಾ" ಅನ್ನುವುದು. ಇವತ್ತು ಆಪರೇಷನ್ ಮಾಡುವಾಗ ನೋವು ಗೊತ್ತಾಗದ ಹಾಗೆ ಮಾಡುತ್ತಾರಲ್ಲ, ಆ ದಾರಿ ತೆರೆದವರಲ್ಲಿ ಇಬ್ಬರು ಅಮೆರಿಕದ ದಂತವೈದ್ಯರು. 1844ರಲ್ಲಿ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಅನಿಲ ಎಳೆದುಕೊಂಡು ತಮ್ಮದೇ ಹಲ್ಲು ಕೀಳಿಸಿಕೊಂಡು ನೋಡಿದರು. 1846ರ ಅಕ್ಟೋಬರ್ 16ರಂದು ಬೋಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಎಲ್ಲರ ಕಣ್ಣೆದುರು ರೋಗಿಗೆ ಈಥರ್ ಕೊಟ್ಟ ವಿಲಿಯಂ ಮಾರ್ಟನ್ ಕೂಡ ಹಲ್ಲಿನವರೇ. ನಮ್ಮ ದೇಶದಲ್ಲಿ ಈ ಓದು ಶುರುವಾಗಿದ್ದು ಕಲ್ಕತ್ತೆಯಲ್ಲಿ, 1920ರಲ್ಲಿ. ಅಮೆರಿಕದ ಅಯೋವಾದಲ್ಲಿ ಓದಿ ಬಂದ ಡಾ. ರಫಿಯುದ್ದೀನ್ ಅಹ್ಮದ್ ಅಲ್ಲಿ ಮೊದಲ ದಂತ ಕಾಲೇಜು ಕಟ್ಟಿದರು. ನಂತರ 1948ರ ದಂತವೈದ್ಯರ ಕಾಯ್ದೆ ಬಂತು. ಓದಿ, ರಾಜ್ಯದ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರೇ ಹಲ್ಲಿಗೆ ಚಿಕಿತ್ಸೆ ಕೊಡಬೇಕು ಅಂತಾಯಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ ಶುರುವಾದವು. ಈಗ 40ಕ್ಕೂ ಹೆಚ್ಚು ಕಾಲೇಜುಗಳಿವೆ.

ನಿಮ್ಮ ಮಗಳು ಅಲ್ಲಿ ಏನು ಕಲಿಯುತ್ತಾಳೆ? ಮೊದಲ ವರ್ಷ ಎಂಬಿಬಿಎಸ್ ಮಕ್ಕಳ ಹಾಗೆಯೇ ಅಂಗರಚನೆ, ಶರೀರಕ್ರಿಯೆ, ಬಯೋಕೆಮಿಸ್ಟ್ರಿ ಇರುತ್ತದೆ. ಮುಂದೆ ಔಷಧಿಶಾಸ್ತ್ರ, ರೋಗಶಾಸ್ತ್ರ, ಜನರಲ್ ಮೆಡಿಸಿನ್, ಸರ್ಜರಿ. ಸಕ್ಕರೆ ಕಾಯಿಲೆ ಇದ್ದವರ ಒಸಡು ಯಾಕೆ ಬೇಗ ಹಾಳಾಗುತ್ತದೆ, ರಕ್ತ ತೆಳುವಾಗಲು ಮಾತ್ರೆ ನುಂಗುವವರ ಹಲ್ಲು ಹೇಗೆ ತೆಗೆಯಬೇಕು ಅನ್ನುವುದು ಗೊತ್ತಿಲ್ಲದೆ ಬಾಯಿಗೆ ಕೈ ಹಾಕುವ ಹಾಗಿಲ್ಲ. ಕೆಳಗಿನ ದವಡೆ ಹಲ್ಲಿನ ಕೀವು ಕುತ್ತಿಗೆಗೆ ಇಳಿದು ಉಸಿರೇ ಕಟ್ಟಿ ಜೀವ ಹೋಗಬಹುದು. ಇದನ್ನು ಹಲ್ಲುನೋವು ಅಂತ ಸುಮ್ನೆ ಬಿಡುವವರಿಗೆಲ್ಲ ಹೇಳಬೇಕು ಅನ್ನಿಸುತ್ತದೆ ನನಗೆ.

ಆದರೆ ಈ ಓದಿನ ಜೀವ ಇರುವುದು ಪುಸ್ತಕದಲ್ಲಲ್ಲ, ಕೈಯಲ್ಲಿ. ಮೊದಲ ವರ್ಷದಿಂದಲೇ ಮೇಣದ ತುಂಡು ಕೊಟ್ಟು ಹಲ್ಲು ಕೆತ್ತಿಸುತ್ತಾರೆ. ಕೋರೆಹಲ್ಲಿನ ಏಣು, ದವಡೆ ಹಲ್ಲಿನ ಗುಡ್ಡ ಕಣಿವೆ ಎಲ್ಲ ಅಳತೆಗೆ ಬರಬೇಕು. ಸರಿ ಬರದಿದ್ದರೆ ಮತ್ತೆ ಇನ್ನೊಂದು ತುಂಡು. ಆಮೇಲೆ ಬೊಂಬೆಯ ತಲೆಯಲ್ಲಿ ಕೂರಿಸಿದ ಹಲ್ಲು ಕೊರೆಯುವುದು. ಕೊರೆಯುವ ಯಂತ್ರದ ತುದಿ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು ತಿರುಗುತ್ತದೆ, ಕೈ ಒಂದು ಚೂರು ಜಾರಿದರೆ ಪಕ್ಕದ ಹಲ್ಲಿಗೆ ಗಾಯ. ಮೇಲಿನ ಹಲ್ಲನ್ನು ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡು ಕೆಲಸ ಮಾಡಬೇಕು, ಅಲ್ಲಿ ಎಲ್ಲ ತಿರುಗುಮುರುಗಾಗಿ ಕಾಣುತ್ತದೆ. ಅದು ಅಭ್ಯಾಸವಾಗಲು ತಿಂಗಳುಗಟ್ಟಲೆ ಬೇಕು. ಮೂರನೇ ವರ್ಷದಿಂದ ನಿಜವಾದ ರೋಗಿಗಳು ಬರುತ್ತಾರೆ, ನಾಲ್ಕು ವರ್ಷ ಮುಗಿದ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್.

ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಮನೆಯಲ್ಲಿ ಮಿಕ್ಸಿ ಕೆಟ್ಟರೆ, ಗಡಿಯಾರ ನಿಂತರೆ ಮಗಳೇ ಬಿಚ್ಚಿ ಕೂರುತ್ತಾಳೆ, ಸರಿಯಾಗುವ ತನಕ ಏಳುವುದಿಲ್ಲ ಅಂತ ಬರೆದಿದ್ದೀರಿ. ನೀವು ಅದನ್ನು ದೂರಿನ ಹಾಗೆ ಬರೆದಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದೇ. ಮೇಲಿನ ಮೊದಲ ದವಡೆ ಹಲ್ಲಿಗೆ ಮೂರು ಬೇರು. ನರ ಹೋಗುವ ದಾರಿ ಮಾತ್ರ ಎಷ್ಟೋ ಸಲ ನಾಲ್ಕು. ನಾಲ್ಕನೆಯದನ್ನು ಹುಡುಕಲು ತುದಿ 0.1 ಮಿಲಿಮೀಟರ್ ಅಥವಾ ಇನ್ನೂ ಸಣ್ಣ ಇರುವ, ಫೈಲ್ ಅನ್ನುವ ಸೂಜಿಯಂಥ ಉಪಕರಣ ಹಿಡಿದು, ಇನ್ನೊಬ್ಬರ ಬಾಯಿಯೊಳಗೆ, ಬೆನ್ನು ಬಗ್ಗಿಸಿ ಮುಕ್ಕಾಲು ಗಂಟೆ ಕೂರಬೇಕು. ಅದು ಸಿಗದೆ ಉಳಿದರೆ ರೂಟ್ ಕೆನಾಲ್, ಅಂದರೆ ಆ ದಾರಿಗಳನ್ನು ಶುಚಿಮಾಡಿ ತುಂಬುವ ಚಿಕಿತ್ಸೆ, ಆದ ಹಲ್ಲು ಮತ್ತೆ ನೋಯುತ್ತದೆ. ಸರಿಯಾಗುವ ತನಕ ಏಳದವರು ಈ ಕೆಲಸಕ್ಕೆ ಬೇಕು.

ಬಿಡಿಎಸ್ ಆದ ಮೇಲೆ ಮೂರು ವರ್ಷದ ಎಂಡಿಎಸ್ ಇದೆ, ಅದಕ್ಕೂ ನೀಟ್ ಬರೆಯಬೇಕು. ಒಂಬತ್ತು ವಿಭಾಗಗಳಿವೆ. ರೂಟ್ ಕೆನಾಲ್ ಮಾಡುವವರು, ಹಲ್ಲಿಗೆ ಕ್ಲಿಪ್ ಹಾಕಿ ಸಾಲು ಸರಿಮಾಡುವವರು, ಒಸಡಿನವರು, ಮಕ್ಕಳ ಹಲ್ಲಿನವರು, ಹಲ್ಲು ಸೆಟ್ಟು ಮತ್ತು ಕ್ಯಾಪಿನವರು ನಿಮಗೂ ಗೊತ್ತಿರಬಹುದು. ಬಾಯಿಯ ರೋಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವವರೂ ಇದ್ದಾರೆ. ಉಳಿದ ಮೂರರ ಬಗ್ಗೆ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಭಾವಮೈದುನರ ಪ್ರಶ್ನೆಗೆ ಅವೂ ಉತ್ತರ.

ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ದವಡೆ ಮುರಿದುಕೊಂಡವರನ್ನು, ಸೀಳುತುಟಿಯಿಂದ ಹುಟ್ಟಿದ ಮಕ್ಕಳನ್ನು ಆಪರೇಷನ್ ಥಿಯೇಟರಿನಲ್ಲಿ ಸರಿಮಾಡುವವರಲ್ಲಿ ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸಕರು ಇರುತ್ತಾರೆ. ಅವರು ಬಿಡಿಎಸ್‌ನಿಂದಲೇ ಬಂದವರು. ಬಾಯಿಯ ರೋಗ ಪತ್ತೆ ಮಾಡುವವರದ್ದು ಇನ್ನೊಂದು ವಿಭಾಗ. ಅಡಿಕೆ, ಗುಟ್ಕಾ ಅಗಿಯುವ ನಮ್ಮ ನಾಡಿನಲ್ಲಿ ಇವರಷ್ಟು ಬೇಕಾದವರು ಇನ್ನಿಲ್ಲ. ಮೂರು ಬೆರಳು ನಿಲ್ಲಿಸಿ ಇಡುವಷ್ಟು ಬಾಯಿ ತೆರೆಯಬೇಕು. ಗುಟ್ಕಾ ಹಾಕುವ ಎಷ್ಟೋ ಹುಡುಗರಿಗೆ ಎರಡು ಬೆರಳೂ ಹೋಗುವುದಿಲ್ಲ, ಕೆನ್ನೆಯ ಒಳಪದರ ಹಗ್ಗದ ಹಾಗೆ ಗಟ್ಟಿಯಾಗಿರುತ್ತದೆ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಇದು ಬರುತ್ತದೆ. ಮುಂದೆ ಕೆಲವರಲ್ಲಿ ಕ್ಯಾನ್ಸರ್ ಆಗುತ್ತದೆ. ಹಲ್ಲುನೋವು ಅಂತ ಬಂದವರ ಬಾಯಲ್ಲಿ ಬಿಳಿ ಮಚ್ಚೆಯನ್ನು ಎಲ್ಲರಿಗಿಂತ ಮೊದಲು ನೋಡುವುದು ಹಲ್ಲಿನ ಡಾಕ್ಟರೇ. ಮೂರನೆಯದು ಸಮುದಾಯದ ದಂತ ಆರೋಗ್ಯ. ನಿಮ್ಮದೇ ಜಿಲ್ಲೆಯ ಪಾವಗಡಕ್ಕೆ ಹೋಗಿ ನೋಡಿ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಅಲ್ಲಿ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಮಿತಿ. ಅದಕ್ಕೆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಪೂರ್ತಿ ಪರಿಹಾರ ಇಲ್ಲ, ಊರಿನ ನೀರೇ ಬದಲಾಗಬೇಕು. ಆ ಕೆಲಸವೂ ದಂತವೈದ್ಯಕ್ಕೆ ಸೇರಿದ್ದು.

ಈಗ ಹೊಟ್ಟೆಪಾಡು. ಇಲ್ಲಿ ನಿಮಗೆ ಸಿಹಿ ಮಾತು ಹೇಳುವುದಿಲ್ಲ. ಬೆಂಗಳೂರಿನಲ್ಲಿ ರಸ್ತೆಗೊಂದು ಹಲ್ಲಿನ ಕ್ಲಿನಿಕ್ ಇದೆ. ಬಿಡಿಎಸ್ ಮುಗಿಸಿ ಯಾರದೋ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರುವವರಿಗೆ ಮೊದಲ ವರ್ಷಗಳ ಸಂಬಳ ತುಂಬ ಕಡಿಮೆ. ಜೊತೆಗೆ ಓದಿದ ಇಂಜಿನಿಯರ್ ಗೆಳತಿ ಆ ಹೊತ್ತಿಗೆ ಸಂಪಾದನೆ ಮಾಡುತ್ತಿರುತ್ತಾಳೆ, ಅದನ್ನು ನೋಡಿಕೊಂಡು ತಾಳ್ಮೆಯಿಂದ ಇರಬೇಕು. ಸ್ವಂತ ಕ್ಲಿನಿಕ್ ಅಂದರೆ ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ, ಉಪಕರಣ ಸ್ವಚ್ಛ ಮಾಡುವ ಯಂತ್ರ ಎಲ್ಲ ಸೇರಿ ಲಕ್ಷಗಟ್ಟಲೆ. ಸರ್ಕಾರಿ ಹುದ್ದೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇವೆ, ಆದರೆ ಓದಿ ಹೊರಬರುವವರ ಸಂಖ್ಯೆಗೆ ಅವು ಎಲ್ಲೂ ಸಾಲವು. ಸೇನೆಯಲ್ಲಿ 1941ರಿಂದ ದಂತ ವಿಭಾಗವೇ ಇದೆ, ಅದನ್ನೂ ನೆನಪಲ್ಲಿಡಿ. ಅಮೆರಿಕಕ್ಕೆ ಹೋದರೆ ನಮ್ಮ ಬಿಡಿಎಸ್ ನೇರವಾಗಿ ನಡೆಯುವುದಿಲ್ಲ. ಪರೀಕ್ಷೆ ಬರೆದು ಸಾಮಾನ್ಯವಾಗಿ ಅಲ್ಲಿನ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು, ಖರ್ಚು ಭಾರೀ. ಬ್ರಿಟನ್, ಕೊಲ್ಲಿ ದೇಶಗಳಲ್ಲೂ ಬೇರೆ ಬೇರೆ ಪರೀಕ್ಷೆಗಳಿವೆ.

ಇನ್ನೊಂದು ಕಡೆ, ಹೋಬಳಿ ಮಟ್ಟಕ್ಕೆ ಇಳಿದರೆ ಚಿತ್ರವೇ ಬೇರೆ. ಅಲ್ಲಿ ಜನ ಇವತ್ತಿಗೂ ಹಲ್ಲು ತೋರಿಸಲು ಬಸ್ ಹತ್ತುತ್ತಾರೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ಟು ಕೊಡುವ ದಂತಭಾಗ್ಯ ಯೋಜನೆ ನಮ್ಮ ರಾಜ್ಯದಲ್ಲಿ ಬಂದಿದ್ದು ಸುಮ್ಮನಲ್ಲ. ರೊಟ್ಟಿ ಅಗಿಯಲಾರದೆ ಗಂಜಿಯಲ್ಲಿ ದಿನ ತಳ್ಳುವ ಅಜ್ಜಿಯರು ಪ್ರತಿ ಊರಲ್ಲೂ ಇದ್ದಾರೆ. ನಿಮ್ಮ ಮಗಳಿಗೆ ಊರ ಕಡೆ ಕೂರುವ ಮನಸ್ಸಿದ್ದರೆ ಐದಾರು ವರ್ಷದಲ್ಲಿ ಕಾಲೂರಬಹುದು ಅಂತ ನನಗೆ ನಂಬಿಕೆ ಇದೆ.

ಹಾಗಾದರೆ ಸೇರಿಸಬೇಕಾ? ಅವಳನ್ನು ಒಬ್ಬಳೇ ಕೂರಿಸಿಕೊಂಡು ಕೇಳಿ: ಎಂಬಿಬಿಎಸ್ ಸಿಗಲಿಲ್ಲ ಅಂತ ಇದಕ್ಕೆ ಹೋಗುತ್ತಿದ್ದೀಯಾ, ಇದೇ ಬೇಕು ಅಂತಲಾ? ಮೊದಲನೆಯದಾದರೆ ಇನ್ನೊಂದು ವರ್ಷ ಓದಲಿ, ಅದರಲ್ಲಿ ತಪ್ಪೇನಿಲ್ಲ. ಸಿಗದೇ ಹೋದದ್ದನ್ನು ನೆನೆಯುತ್ತ ಐದು ವರ್ಷ ಮೇಣ ಕೆತ್ತುವುದು ತುಂಬ ಕಷ್ಟ, ಅಂಥ ಮಕ್ಕಳನ್ನು ನೋಡಿದ್ದೇನೆ. ಎರಡನೆಯದಾದರೆ ನೆಂಟರ ಮಾತು ಕೇಳಬೇಡಿ.

ಸೀಟು ಬಂದಿರುವ ಕಾಲೇಜಿಗೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಹೋಗಿ. ಕಟ್ಟಡ ನೋಡಬೇಡಿ, ಹೊರರೋಗಿ ವಿಭಾಗದ ಬೆಂಚು ನೋಡಿ. ರೋಗಿಗಳು ತುಂಬಿದ್ದರೆ ಮಕ್ಕಳ ಕೈ ಪಳಗುತ್ತದೆ. ಪ್ರತಿ ವಿದ್ಯಾರ್ಥಿಯೂ ಇಷ್ಟು ಫಿಲ್ಲಿಂಗ್, ಇಷ್ಟು ಹಲ್ಲು ಸೆಟ್ಟು ಅಂತ ಮಾಡಿ ಮುಗಿಸಬೇಕಿರುತ್ತದೆ. ರೋಗಿಗಳೇ ಇಲ್ಲದ ಕಡೆ ಮಕ್ಕಳು ನೆಂಟರಿಷ್ಟರನ್ನು ಬೇಡಿ ಕರೆತರುತ್ತಾರೆ. ಫೀಸಿನ ಹೊರತಾಗಿ ಉಪಕರಣಗಳಿಗೆ ಎಷ್ಟಾಗುತ್ತದೆ ಅಂತ ಕ್ಲಾರ್ಕನ್ನಲ್ಲ, ಮೂರನೇ ವರ್ಷದ ಹುಡುಗಿಯರನ್ನು ಕೇಳಿ.

ಮತ್ತೆ, ಪತ್ರದ ಕೊನೆಯಲ್ಲಿ, ನಿಮಗೇ ಆರು ತಿಂಗಳಿಂದ ಬಲಗಡೆ ದವಡೆ ಹಲ್ಲು ನೋವು, ಲವಂಗ ಇಟ್ಟುಕೊಂಡು ದಿನ ತಳ್ಳುತ್ತಿದ್ದೇನೆ ಅಂತ ಬರೆದಿದ್ದೀರಿ. ಲವಂಗದೆಣ್ಣೆ ಸಾರವನ್ನು ಹಲ್ಲಿನ ಡಾಕ್ಟರರೂ ಬಳಸುತ್ತಾರೆ, ಅದು ನೋವು ತಗ್ಗಿಸುವುದು ನಿಜ, ಹುಳುಕನ್ನು ನಿಲ್ಲಿಸುವುದಿಲ್ಲ. ಈ ವಾರವೇ ತೋರಿಸಿ. ಹೋಗುವಾಗ ಮಗಳನ್ನು ಕರೆದುಕೊಂಡು ಹೋಗಿ, ನಿಮಗೆ ಚಿಕಿತ್ಸೆ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಲು ಬಿಡಿ ಅಂತ ಡಾಕ್ಟರನ್ನು ಕೇಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ. ಮುಗಿದ ಮೇಲೆ ಅವಳು ಏನು ಕೇಳಿದಳು ಅಂತ ನನಗೆ ಬರೆದು ತಿಳಿಸಿ.