ಬಯಲಾಟದ ಲೈವ್ ತಡವಾಗಿ ಬರುವುದೇಕೆ?

ಪ್ರಶ್ನೆ: ಬದಿಯಡ್ಕದ ಬಯಲಾಟದ ಲೈವ್ ಮೊಬೈಲಿಗೆ ಅರ್ಧ ನಿಮಿಷ ತಡವಾಗಿ ಬರುತ್ತದೆ. ವೆಬ್‌ಆರ್‌ಟಿಸಿ (ವಿಡಿಯೋ ಕಾಲ್‌ಗಳಲ್ಲಿ ಬಳಸುವ ತಂತ್ರ) ಬಳಸಿದರೆ ಸರಿಹೋಗುತ್ತದಾ?

ಉತ್ತರ: ತಡ ಕಮ್ಮಿಯಾಗುತ್ತದೆ. ಆದರೂ ಆಟಕ್ಕೆ ಅದು ಬೇಡ ಅಂತಲೇ ನಾನು ಹೇಳುವುದು.

ಹೆಚ್ಚಿನ ಲೈವ್‌ಗಳು ಬರುವುದು ಎಚ್‌ಎಲ್‌ಎಸ್ ಅಥವಾ ಡ್ಯಾಶ್ ಎಂಬ, ನೆಟ್‌ನಲ್ಲಿ ವಿಡಿಯೋ ಕಳಿಸುವ ವಿಧಾನಗಳ ಮೂಲಕ. ಮೊದಲನೆಯದನ್ನು 2009ರಲ್ಲಿ ಆಪಲ್ ತಂದಿತು. ಡ್ಯಾಶ್ 2012ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ. ಎರಡೂ ವಿಡಿಯೋವನ್ನು ತುಂಡು ತುಂಡು ಮಾಡಿ ಕಳಿಸುತ್ತವೆ. ಒಂದು ತುಂಡು 6 ಸೆಕೆಂಡ್ ಅಂತಿಟ್ಟುಕೊಳ್ಳಿ. ಮೂರು ತುಂಡು ಬಂದ ಮೇಲೆ ಪ್ಲೇಯರ್ ಶುರುಮಾಡಿದರೆ ಅಲ್ಲೇ 18 ಸೆಕೆಂಡ್ ಹೋಯಿತು, ಅಲ್ವಾ?

ಆದರೆ ನಮ್ಮನ್ನು ಕಾಪಾಡುವುದೂ ಈ ತಡವೇ. ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಮೊನ್ನೆ ವೇಷ ಚೌಕಿಯಿಂದ ರಂಗಸ್ಥಳಕ್ಕೆ ಬರುವ ಹೊತ್ತಿಗೆ ಸಿಗ್ನಲ್ ಒಂದು ಗೆರೆಗೆ ಇಳಿಯಿತು. ಕಿರೀಟ ಮಸುಕಾಯಿತು, ಚೆಂಡೆ ನಿಲ್ಲಲಿಲ್ಲ. ಪ್ಲೇಯರ್ ಮುಂದಿನ ತುಂಡನ್ನು ಕಡಿಮೆ ಗುಣಮಟ್ಟದಲ್ಲಿ ತರಿಸಿಕೊಂಡಿತ್ತು.

ವೆಬ್‌ಆರ್‌ಟಿಸಿಯಲ್ಲಿ ತಡ ಸಾಮಾನ್ಯವಾಗಿ ಒಂದು ಸೆಕೆಂಡಿಗಿಂತ ಕಮ್ಮಿ. ವಿಡಿಯೋ ಕಾಲ್‌ಗೆ ಅದೇ ಸರಿ. ಆದರೆ ಮುಂದಿನದನ್ನು ಕೂಡಿಟ್ಟುಕೊಳ್ಳಲು ಅದಕ್ಕೆ ಪುರುಸೊತ್ತಿಲ್ಲ. ನೆಟ್ ಕೈಕೊಟ್ಟರೆ ಭಾಗವತರ ಪದ ನಡುವೆಯೇ ಕಡಿಯುತ್ತದೆ. ನೋಡುವವರು ಸಾವಿರಾರು ಮಂದಿಯಾದರೆ ಸರ್ವರ್ ಖರ್ಚೂ ಜಾಸ್ತಿ.

ಬೇಗ ಬೇಕೇ ಬೇಕು ಅಂದರೆ ತುಂಡನ್ನು 2 ಸೆಕೆಂಡಿಗೆ ಇಳಿಸಿ ನೋಡಿ. ಯೂಟ್ಯೂಬಿನಲ್ಲಾದರೆ ಲೈವ್ ಸೆಟ್ಟಿಂಗ್‌ನಲ್ಲೇ ತಡ ಕಡಿಮೆ ಮಾಡುವ ಆಯ್ಕೆ ಇದೆ.